ಎರಡು ಸಲ ತೆಗೆಸಿದ ಮೂಗಿನ ದುರ್ಮಾಂಸ ಮತ್ತೆ ಬಂದಿರುವುದೇಕೆ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ, ವಯಸ್ಸು 39. ನಮ್ಮದೇ ಒಣದ್ರಾಕ್ಷಿ ಶೆಡ್ ಇದೆ. ಎಂಟು ವರ್ಷಗಳಿಂದ ಮೂಗು ಕಟ್ಟುತ್ತಿದೆ. ದುರ್ಮಾಂಸ ಬೆಳೆದಿದೆಯೆಂದು ಎರಡು ಸಲ ದುರ್ಬೀನು ಆಪರೇಷನ್ ಮಾಡಿಸಿದೆ. ಪ್ರತಿ ಸಲವೂ ಒಂದೆರಡು ವರ್ಷ ಚೆನ್ನಾಗಿದ್ದು ಮತ್ತೆ ಮೊದಲಿನಂತೆಯೇ ಆಯಿತು. ನಾಲ್ಕು ವರ್ಷಗಳಿಂದ ದಮ್ಮೂ ಇದೆ, ವಾಸನೆ ಪೂರ್ತಿ ಹೋಗಿದೆ. ಕಳೆದ ಸಲದ ವರದಿಯಲ್ಲಿ ‘ಫಂಗಸ್’ ಎಂದು ಬರೆದಿದ್ದರಿಂದ ಮನೆಯವರೆಲ್ಲ ಕಪ್ಪು ಶಿಲೀಂಧ್ರವೆಂದು ಹೆದರಿದ್ದಾರೆ. ಈಗ ವೈದ್ಯರು ಮೂರನೆಯ ಆಪರೇಷನ್ ಬೇಕು ಎನ್ನುತ್ತಾರೆ. ಹೊಸ ಇಂಜೆಕ್ಷನ್ ಬಂದಿದೆ, ಆದರೆ ಬಹಳ ದುಬಾರಿ ಎಂದೂ ಹೇಳಿದರು. ಸ್ಪ್ರೇಯಲ್ಲಿ ಸ್ಟೀರಾಯ್ಡ್ ಇದೆಯೆಂದು ತಿಳಿದು ನಾನು ಅದನ್ನು ಬಿಟ್ಟಿದ್ದೇನೆ. ಸರ್, ಇದನ್ನು ಬೇರುಸಹಿತ ಕೀಳುವ ಚಿಕಿತ್ಸೆಯನ್ನು ಸಂಶೋಧಕರು ಎಲ್ಲಿಯಾದರೂ ಕಂಡುಹಿಡಿದಿದ್ದಾರೆಯೆ? ದ್ರಾಕ್ಷಿ ಕೆಲಸವನ್ನೇ ಬಿಡಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಮನೆಯವರ ನಿದ್ದೆ ಕೆಡಿಸಿರುವುದು ‘ಫಂಗಸ್’ ಎಂಬ ಒಂದೇ ಶಬ್ದ. ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೇ ಬಂದು ದೇಶದಲ್ಲಿ 40,000ಕ್ಕೂ ಹೆಚ್ಚು ಜನರನ್ನು ಕಾಡಿದ ಕಪ್ಪು ಶಿಲೀಂಧ್ರ ರೋಗಕ್ಕೆ ಕಾರಣವಾದದ್ದು ಮ್ಯೂಕರ್ ಗುಂಪಿನ ಬೂಷ್ಟು, ಅದರಲ್ಲಿಯೂ ಮುಖ್ಯವಾಗಿ ರೈಜೋಪಸ್. ಅದು ರಕ್ತನಾಳಗಳೊಳಗೆ ನುಗ್ಗಿ ರಕ್ತದ ಹರಿವನ್ನು ತಡೆಯುತ್ತದೆ. ರಕ್ತ ಸಿಗದ ಭಾಗ ಸತ್ತು ಕರ್ರಗಾಗುತ್ತದೆ, ಮತ್ತು ರೋಗವು ದಿನಗಳ ಲೆಕ್ಕದಲ್ಲಿ ಕಣ್ಣಿಗೆ, ಮಿದುಳಿಗೆ ಏರುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಒಂದುಗೂಡಿದಾಗ ಅದಕ್ಕೆ ದಾರಿ ಸಲೀಸಾಗುತ್ತದೆ. ಎಂಟು ವರ್ಷಗಳಿಂದ ಈ ತೊಂದರೆಯನ್ನು ಇಟ್ಟುಕೊಂಡೇ ತೋಟದ ಕೆಲಸ ಮಾಡುತ್ತಿರುವ ನಿಮಗೆ ಇರುವುದು ಆ ರೋಗವಲ್ಲ.

ನೀವು ಬರೆದಿರುವ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದರೆ, ನಿಮಗೆ ಇರುವುದು ಅಲರ್ಜಿಯಿಂದಾಗುವ ಶಿಲೀಂಧ್ರ ಸೈನಸೈಟಿಸ್ ಆಗಿರುವ ಸಾಧ್ಯತೆ ಹೆಚ್ಚು. ಇದರಲ್ಲಿ ಶಿಲೀಂಧ್ರವು ಶರೀರದೊಳಗೆ ನುಗ್ಗುವುದಿಲ್ಲ. ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಸೈನಸ್ ಎಂಬ ಗಾಳಿಗೂಡಿನಲ್ಲಿ ನಿಂತ ಸಿಂಬಳದಲ್ಲಿ ಅದು ಕುಳಿತಿರುತ್ತದೆ, ಅಷ್ಟೆ. ಅದನ್ನು ಕಂಡು ನಿಮ್ಮದೇ ಶರೀರ ತೋರಿಸುವ ಅತಿರೇಕದ ಸಿಟ್ಟೇ ರೋಗ. ಆ ಸಿಟ್ಟಿನಿಂದ ಒಳಪೊರೆ ಬಾತು ದ್ರಾಕ್ಷಿಗೊನೆಯಂತೆ ಜೋತುಬೀಳುವುದನ್ನು ನಾವು ದುರ್ಮಾಂಸ ಎನ್ನುತ್ತೇವೆ. ಗೂಡಿನೊಳಗಿನ ಸಿಂಬಳವು ಹಳೆಯ ಜೋನಿ ಬೆಲ್ಲದಂತೆ ಮಣ್ಣಿನ ಬಣ್ಣಕ್ಕೆ ತಿರುಗಿ, ಎಳೆದರೂ ಬಾರದಷ್ಟು ಅಂಟಾಗುತ್ತದೆ. ಅಮೆರಿಕದಲ್ಲಿ ಈ ರೋಗದ ಹಿಂದೆ ಬೈಪೊಲಾರಿಸ್, ಕರ್ವುಲೇರಿಯಾ ಮುಂತಾದ ಕಪ್ಪು ಬಣ್ಣದ ಬೂಷ್ಟುಗಳು ಹೆಚ್ಚಾಗಿ ಕಂಡುಬಂದರೆ, ನಮ್ಮ ದೇಶದಲ್ಲಿ ಬಹುಪಾಲು ಸಿಗುವುದು ಆಸ್ಪರ್ಜಿಲ್ಲಸ್ ಫ್ಲೇವಸ್. ನೆನೆದ ಶೇಂಗಾದ ಮೇಲೆ, ಗೋವಿನಜೋಳದ ತೆನೆಯ ಮೇಲೆ ಹಳದಿ ಹಸಿರಾಗಿ ಹಬ್ಬುವ ಬೂಷ್ಟನ್ನು ನೀವು ನೋಡಿಯೇ ಇರುತ್ತೀರಿ. ಅದೇ ಇದು.

ಆದರೂ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಭಾರತ, ಪಾಕಿಸ್ತಾನ, ಸುಡಾನ್‌ಗಳಂಥ ನಾಡುಗಳಲ್ಲಿ ಇದೇ ಆಸ್ಪರ್ಜಿಲ್ಲಸ್ ಫ್ಲೇವಸ್, ಬೇರೆ ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದ ವ್ಯಕ್ತಿಗಳಲ್ಲಿಯೂ ಅಪರೂಪಕ್ಕೆ ನಿಧಾನವಾಗಿ ಅಂಗಾಂಶದೊಳಗೆ ಇಳಿದು ಕಣ್ಣುಗುಡ್ಡೆಯನ್ನು ಮುಂದಕ್ಕೆ ತಳ್ಳುವುದುಂಟು. ಆ ರೋಗದ ಚಿಕಿತ್ಸೆಯೇ ಬೇರೆ. ಆದುದರಿಂದ ನಿಮ್ಮ ಹಳೆಯ ಬಯಾಪ್ಸಿ ವರದಿಯಲ್ಲಿ ‘ಫಂಗಸ್ ಇದೆ’ ಎಂಬ ಸಾಲಿಗಿಂತ ಮುಖ್ಯವಾದದ್ದು, ಅದು ಅಂಗಾಂಶದೊಳಗೆ ನುಗ್ಗಿದೆಯೋ ಇಲ್ಲವೋ ಎಂದು ಹೇಳುವ ಸಾಲು. ಆ ಸಾಲು ವರದಿಯಲ್ಲಿ ಇಲ್ಲದಿದ್ದರೆ, ಆಸ್ಪತ್ರೆಯಿಂದ ಸ್ಲೈಡುಗಳನ್ನು ಕೇಳಿ ಪಡೆದು ವಿಜಯಪುರ, ಬಾಗಲಕೋಟೆ ಅಥವಾ ಬೆಳಗಾವಿಯ ಯಾವುದಾದರೂ ವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ ಮತ್ತೊಮ್ಮೆ ನೋಡಿಸಿ. ಮೂರನೆಯ ಆಪರೇಷನ್ನಿಗೆ ಮೊದಲು ಮಾಡಲೇಬೇಕಾದ ಕೆಲಸವಿದು.

ಇನ್ನು ದುರ್ಮಾಂಸ ಮರಳಿ ಬರುವುದೇಕೆ ಎಂಬ ಪ್ರಶ್ನೆ. ‘ಬೇರುಸಹಿತ ಕೀಳುವುದು’ ಎಂಬ ನಿಮ್ಮ ಮಾತಿನಲ್ಲಿಯೇ ಒಂದು ತಪ್ಪು ಕಲ್ಪನೆ ಅಡಗಿದೆ. ಅದು ನಿಮ್ಮೊಬ್ಬರದಲ್ಲ, ವೈದ್ಯರೂ ಬಹುಕಾಲ ಹಾಗೆಯೇ ತಿಳಿದಿದ್ದರು. ದುರ್ಮಾಂಸವನ್ನು ಕಸದಂತೆ ಎಣಿಸಿ, ಬೇರು ಉಳಿದದ್ದರಿಂದ ಮತ್ತೆ ಚಿಗುರಿತು ಎಂದುಕೊಳ್ಳುತ್ತಿದ್ದರು. 1893ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸಿನ ಹೆನ್ರಿ ಲ್ಯೂಕ್ ಬೇರೆಬೇರೆಯಾಗಿ ಪ್ರಕಟಿಸಿದ ಶಸ್ತ್ರಕ್ರಿಯೆಯಲ್ಲಿ ಮೇಲ್ದುಟಿಯ ಒಳಬದಿಯಿಂದ ದವಡೆಯ ಮೂಳೆಯನ್ನು ಕೊರೆದು ಕೆನ್ನೆಯ ಸೈನಸ್ಸಿಗೆ ಹೊಕ್ಕು, ಅದರ ಒಳಪೊರೆಯನ್ನೆಲ್ಲ ಕೆರೆದು ತೆಗೆಯುತ್ತಿದ್ದರು. ಕೆಟ್ಟ ಪೊರೆ ಹೋದರೆ ರೋಗವೂ ಹೋಗುತ್ತದೆಂಬುದು ಅಂದಿನ ತರ್ಕ. ಸುಮಾರು ತೊಂಬತ್ತು ವರ್ಷ ಈ ತರ್ಕವೇ ಆಳಿತು. ನಾನು ಕಲಿಯುತ್ತಿದ್ದ ದಿನಗಳಲ್ಲಿಯೂ ಹಿರಿಯರು ತಂತಿಯ ಕುಣಿಕೆ ಹಾಕಿ ದುರ್ಮಾಂಸವನ್ನು ಎಳೆದು ತೆಗೆಯುತ್ತಿದ್ದುದನ್ನು ಕಂಡಿದ್ದೇನೆ. ರೋಗಿಗೆ ಅಂದೇ ಉಸಿರು ಸರಾಗವಾಗುತ್ತಿತ್ತು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ರೋಗಿ ಬಾಗಿಲಲ್ಲಿ ನಿಂತಿರುತ್ತಿದ್ದ.

ಆಸ್ಟ್ರಿಯಾದ ಗ್ರಾಟ್ಸ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯರು ಈ ತರ್ಕವನ್ನು ಬುಡಮೇಲು ಮಾಡಿದರು. ಅವರ ಅವಲೋಕನ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸೈನಸ್ಸಿನ ಒಳಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿದ್ದು, ಅವು ಗಾಳಿಗೆ ತೂಗುವ ಜೋಳದ ಹೊಲದಂತೆ ಒಂದೇ ಲಯದಲ್ಲಿ ಬಾಗುತ್ತ ಸಿಂಬಳದ ಪದರವನ್ನು ಗೊತ್ತಾದ ದಾರಿಯಲ್ಲಿ ಸಾಗಿಸುತ್ತವೆ. ಕೆನ್ನೆಯ ಸೈನಸ್ಸಿನ ಬಾಗಿಲು ಇರುವುದು ಅದರ ಮೇಲ್ಭಾಗದಲ್ಲಿ. ಆದ್ದರಿಂದ ಆ ರೋಮಗಳು ಸಿಂಬಳವನ್ನು ಕೆಳಗಿನಿಂದ ಮೇಲಕ್ಕೆ, ಭಾರಕ್ಕೆ ವಿರುದ್ಧವಾಗಿ ಏರಿಸುತ್ತವೆ. ಶಸ್ತ್ರವೈದ್ಯ ಕೆಳಗೆ ಎಷ್ಟೇ ದೊಡ್ಡ ಹೊಸ ಕಿಂಡಿ ಕೊರೆದುಕೊಟ್ಟರೂ ಸಿಂಬಳ ಅದನ್ನು ಬಳಸಿಕೊಂಡು ಹೋಗಿ, ಹುಟ್ಟಿನಿಂದ ಬಂದ ಮೇಲಿನ ಬಾಗಿಲನ್ನೇ ಹುಡುಕುತ್ತದೆ. ಅಂದರೆ ಪೊರೆಯನ್ನು ಕೆರೆಯುವುದು ತಪ್ಪು. ಸಹಜ ಬಾಗಿಲನ್ನು ತೆರೆದುಕೊಟ್ಟರೆ ಪೊರೆ ತಾನೇ ಚೇತರಿಸಿಕೊಳ್ಳುತ್ತದೆ. ಈ ಅರಿವಿನ ಮೇಲೆ, ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ ರೂಪಿಸಿದ ಗಾಜಿನ ಕೋಲುಗಳ ದುರ್ಬೀನು ಮತ್ತು ಸಿಟಿ ಸ್ಕ್ಯಾನ್‌ಗಳ ಬಲದಿಂದ, 1980ರ ದಶಕದಲ್ಲಿ ಇಂದಿನ ಶಸ್ತ್ರಚಿಕಿತ್ಸೆ ರೂಪುಗೊಂಡಿತು. ಗ್ರಾಟ್ಸ್‌ನ ಸ್ಟಾಮ್‌ಬರ್ಗರ್, ಅಮೆರಿಕದ ಡೇವಿಡ್ ಕೆನಡಿ ಅದನ್ನು ಜಗತ್ತಿಗೆ ಹರಡಿದರು. ನಿಮಗೆ ಎರಡು ಸಲ ಆದದ್ದು ಇದೇ ಆಪರೇಷನ್.

ಬಾಗಿಲು ಕಟ್ಟಿದ್ದೇ ರೋಗದ ಮೂಲವಾಗಿದ್ದವರಿಗೆ ಈ ಚಿಕಿತ್ಸೆ ವರವಾಯಿತು. ದುರ್ಮಾಂಸದ ರೋಗಿಗಳಲ್ಲಿ ಮಾತ್ರ ಕಥೆ ಬೇರೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ಆಪರೇಷನ್ ಆದ 47 ರೋಗಿಗಳನ್ನು ಹಿಂಬಾಲಿಸಿ, 12 ವರ್ಷಗಳ ಅನಂತರ ಅವರಲ್ಲಿ 38 ಜನರನ್ನು ಮತ್ತೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ 79ರಷ್ಟು ಜನರಲ್ಲಿ ದುರ್ಮಾಂಸ ಮರಳಿತ್ತು, ಆದರೆ ಮತ್ತೆ ಆಪರೇಷನ್ ಮಾಡಿಸಿಕೊಂಡವರು ನೂರಕ್ಕೆ 37ರಷ್ಟು ಮಾತ್ರ. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ದುರ್ಬೀನಿನಲ್ಲಿ ದುರ್ಮಾಂಸ ಕಂಡ ಮಾತ್ರಕ್ಕೆ ರೋಗಿ ನರಳುತ್ತಾನೆಂದಲ್ಲ. ಹಾಗೆಯೇ ನಿಮಗೆ ಮತ್ತೆ ಬಂದದ್ದು ನಿಮ್ಮ ಶಸ್ತ್ರವೈದ್ಯರ ಕೈಗುಣದ ದೋಷವೆಂದೂ ಅಲ್ಲ.

ಹಾಗಾದರೆ ಆಪರೇಷನ್‌ನಿಂದ ಪ್ರಯೋಜನವೇ ಇಲ್ಲವೆ? ಇತ್ತೀಚಿನ ಎರಡು ದೊಡ್ಡ ಪರೀಕ್ಷೆಗಳು ಮೇಲ್ನೋಟಕ್ಕೆ ಒಂದಕ್ಕೊಂದು ಎದುರು ನಿಲ್ಲುತ್ತವೆ. ನೆದರ್ಲೆಂಡ್ಸ್‌ನಲ್ಲಿ ದುರ್ಮಾಂಸವಿದ್ದ ಇನ್ನೂರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧದ ಜೊತೆ ಆಪರೇಷನ್, ಇನ್ನೊಂದಕ್ಕೆ ಬರಿಯ ಔಷಧ ಕೊಟ್ಟು ವರ್ಷದ ಬಳಿಕ ಅಳೆದರು. ಇಂಥ ಸಂಶೋಧನೆಗಳಲ್ಲಿ ಅಳತೆಗೋಲಾಗಿ ಬಳಸುವುದು 22 ಪ್ರಶ್ನೆಗಳ, ಒಟ್ಟು 110 ಅಂಕಗಳ ಒಂದು ಪ್ರಶ್ನಾವಳಿ. ಅಂಕ ಹೆಚ್ಚಿದಷ್ಟೂ ಬಾಧೆ ಹೆಚ್ಚು, ಮತ್ತು ಸುಮಾರು 9 ಅಂಕ ಇಳಿದರೆ ರೋಗಿಗೆ ಸುಧಾರಣೆ ಗೊತ್ತಾಗುತ್ತದೆಂದು ಲೆಕ್ಕ. 2022ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಆಪರೇಷನ್ ಗುಂಪಿನವರು ಮುಂದಿದ್ದರೂ ಸರಾಸರಿ ಅಂತರ 5 ಅಂಕದಷ್ಟೂ ಇರಲಿಲ್ಲ. ಆದರೆ 2025ರಲ್ಲಿ ಬ್ರಿಟನ್ನಿನಿಂದ ಬಂದ ಪರೀಕ್ಷೆಯಲ್ಲಿ, ಸ್ಪ್ರೇ ಮತ್ತು ಉಪ್ಪುನೀರಿನಿಂದ ಗುಣ ಕಾಣದ ರೋಗಿಗಳಿಗೆ ಆರು ತಿಂಗಳ ಹೊತ್ತಿಗೆ ಆಪರೇಷನ್ನಿನಿಂದ ಸ್ಪಷ್ಟವಾದ ಲಾಭ ಕಂಡಿತು. ಅಲ್ಲಿಯೇ ಮೂರು ತಿಂಗಳು ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ನುಂಗಿದವರು ಬರಿಯ ತೋರಿಕೆಯ ಗುಳಿಗೆ ನುಂಗಿದವರಿಗಿಂತ ಮೇಲೇನೂ ಆಗಲಿಲ್ಲ. ಈ ಎರಡನ್ನೂ ನಾನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ: ಔಷಧವನ್ನು ಸರಿಯಾಗಿ, ಸಾಕಷ್ಟು ದಿನ ಬಳಸಿಯೂ ಸೋತವರಿಗೆ ಆಪರೇಷನ್ ಒಳ್ಳೆಯದು, ಔಷಧದ ಬದಲಿಗೆ ಆಪರೇಷನ್ ಎಂದುಕೊಂಡವರಿಗೆ ನಿರಾಸೆ ಖಚಿತ. ತಿಂಗಳುಗಟ್ಟಲೆ ಆಂಟಿಬಯಾಟಿಕ್ ಬರೆಸಿಕೊಳ್ಳುವ ರೂಢಿ ನಮ್ಮ ಕಡೆ ವಿಪರೀತವಾಗಿರುವುದರಿಂದ ಅದರ ಬಗ್ಗೆ ಬಂದ ಉತ್ತರವನ್ನೂ ನೆನಪಿನಲ್ಲಿಡಿ.

ಶಿಲೀಂಧ್ರವನ್ನು ಕೊಂದರೆ ರೋಗ ಹೋಗಬೇಕಲ್ಲವೆ ಎಂದು ನೀವು ಕೇಳಬಹುದು. ಇದನ್ನು ಪರೀಕ್ಷಿಸಿ ನೋಡಲಾಗಿದೆ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ದೀರ್ಘಕಾಲದ ಸೈನಸೈಟಿಸ್ ಇದ್ದ 210 ರೋಗಿಗಳ ಸಿಂಬಳವನ್ನು ಪರೀಕ್ಷಿಸಿ, ಅವರಲ್ಲಿ 202 ಜನರಲ್ಲಿ ಶಿಲೀಂಧ್ರವಿದೆಯೆಂದು ಪ್ರಕಟಿಸಿದಾಗ ನಮ್ಮ ಕ್ಷೇತ್ರದಲ್ಲಿ ದೊಡ್ಡ ಕೋಲಾಹಲವೆದ್ದಿತು. ಎಲ್ಲ ಸೈನಸೈಟಿಸ್‌ಗೂ ಬೂಷ್ಟೇ ಕಾರಣವೆಂಬ ವಾದ ಹುಟ್ಟಿಕೊಂಡಿತು. ಆದರೆ ಅದೇ ಅಧ್ಯಯನದಲ್ಲಿ ಹೋಲಿಕೆಗೆಂದು ಪರೀಕ್ಷಿಸಿದ 14 ಆರೋಗ್ಯವಂತರಲ್ಲಿ ಅಷ್ಟೂ ಜನರ ಮೂಗಿನಲ್ಲಿ ಶಿಲೀಂಧ್ರ ಸಿಕ್ಕಿತ್ತು! ನಾವು ಉಸಿರಾಡುವ ಗಾಳಿಯಲ್ಲಿಯೇ ಅದರ ಬೀಜಕಗಳಿರುವಾಗ ಮೂಗಿನಲ್ಲಿ ಸಿಗದೆ ಇನ್ನೆಲ್ಲಿ ಹೋಗಬೇಕು? ಮುಂದೆ ಯುರೋಪಿನಲ್ಲಿ 116 ರೋಗಿಗಳ ಮೂಗನ್ನು ಮೂರು ತಿಂಗಳು ಆಂಫೊಟೆರಿಸಿನ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಿಂದ ತೊಳೆದು ನೋಡಿದರು. 2006ರಲ್ಲಿ ಬಂದ ಫಲಿತಾಂಶದ ಪ್ರಕಾರ ಬರಿಯ ನೀರಿಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ನಿಮ್ಮಂಥ ರೋಗದಲ್ಲಿ ಕೆಲವೊಮ್ಮೆ ತಜ್ಞರು ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ಸೇರಿಸುವುದುಂಟು. ಅದಕ್ಕೆ ಯಕೃತ್ತಿನ ರಕ್ತಪರೀಕ್ಷೆ ಬೇಕಾಗುತ್ತದೆ. ಔಷಧದಂಗಡಿಯಿಂದ ನೀವೇ ತಂದು ನುಂಗುವ ಗುಳಿಗೆ ಅದಲ್ಲ.

ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯ ದಿಕ್ಕು ಹೀಗೆ ಬಾಗಿಲಿನಿಂದಲೂ ಬೂಷ್ಟಿನಿಂದಲೂ ಸರಿದು, ಒಳಪೊರೆಯ ಸ್ವಭಾವದ ಕಡೆಗೆ ತಿರುಗಿದೆ. ಪೊರೆಯ ಜೀವಕೋಶಗಳಿಗೆ ಬೂಷ್ಟು, ಧೂಳು ಅಥವಾ ಬ್ಯಾಕ್ಟೀರಿಯ ತಾಕಿದಾಗ ಅವು ಎಚ್ಚರಿಕೆಯ ರಾಸಾಯನಿಕಗಳನ್ನು ಹೊರಬಿಡುತ್ತವೆ. ಕೆಲವರಲ್ಲಿ ಆ ಕರೆಗೆ ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಮೂರು ಸಂದೇಶವಾಹಕಗಳು ಮಿತಿಮೀರಿ ಓಗೊಡುತ್ತವೆ. ಇವುಗಳ ಪ್ರಭಾವದಿಂದ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಪೊರೆಗೆ ಮುತ್ತಿಕೊಳ್ಳುತ್ತವೆ, ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಏರುತ್ತದೆ, ಸಿಂಬಳ ದಪ್ಪಗಾಗುತ್ತದೆ, ಪೊರೆ ನೀರು ತುಂಬಿ ಜೋಲುತ್ತದೆ. ಮೂಗಿನಲ್ಲಿಯೇ ವಾಸಿಸುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯದ ವಿಷವಸ್ತುಗಳು ಈ ಬೆಂಕಿಗೆ ತುಪ್ಪ ಸುರಿಯುತ್ತವೆಂದು ಘೆಂಟ್‌ನ ಕ್ಲಾಸ್ ಬಾಖರ್ಟ್ ಮತ್ತು ಸಂಗಡಿಗರು ತೋರಿಸಿದರು. ಶ್ವಾಸಕೋಶದ ನಾಳಗಳ ಪೊರೆ ಇದೇ ಪೊರೆಯ ಮುಂದುವರಿಕೆಯಾದುದರಿಂದ ನಿಮಗೆ ಬಂದಿರುವ ದಮ್ಮು ಬೇರೆ ಕಾಯಿಲೆಯಲ್ಲ, ಅದೇ ಬೆಂಕಿಯ ಇನ್ನೊಂದು ಉರಿ. ಆಪರೇಷನ್ ಮಾಡಿದವರು ಗೊನೆಯನ್ನು ಕತ್ತರಿಸಿದರು. ಗೊನೆ ಬಿಡುವ ಬಳ್ಳಿಯೇ ನಿಮ್ಮ ಪೊರೆ, ಅದನ್ನು ಯಾರೂ ಕೀಳಲಾರರು, ಕೀಳಲೂಬಾರದು. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಟ್ಟು ಬಾಳುವಂತೆ ಇದನ್ನೂ ಹತೋಟಿಯಲ್ಲಿಡಬೇಕು. ನಿಮ್ಮ ‘ಎಲ್ಲಿಯಾದರೂ ಕಂಡುಹಿಡಿದಿದ್ದಾರೆಯೆ’ ಎಂಬ ಪ್ರಶ್ನೆಗೆ ಇಂದಿನ ಪ್ರಾಮಾಣಿಕ ಉತ್ತರ ಇದು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ನಿಮ್ಮ ಬಯಾಪ್ಸಿ ವರದಿಯಲ್ಲಿ ‘ಶಾರ್ಕೊ–ಲೈಡನ್ ಹರಳುಗಳು’ ಎಂಬ ಮಾತು ಬಹುಶಃ ಇರುತ್ತದೆ. ಎರಡೂ ತುದಿ ಚೂಪಾದ ಈ ಸೂಕ್ಷ್ಮ ಹರಳುಗಳನ್ನು ಶಾರ್ಕೊ 1853ರಲ್ಲಿ, ಲೈಡನ್ 1872ರಲ್ಲಿ ವರ್ಣಿಸಿದ್ದರು. ಸತ್ತ ಇಯೊಸಿನೊಫಿಲ್‌ಗಳು ಬಿಟ್ಟುಹೋದ ಕಸವೆಂದಷ್ಟೇ ವೈದ್ಯರು ಬಹುಕಾಲ ಅವನ್ನು ಕಡೆಗಣಿಸಿದರು. 2019ರಲ್ಲಿ ಘೆಂಟ್‌ನ ವಿಜ್ಞಾನಿಗಳು, ಆ ಹರಳುಗಳೇ ಪೊರೆಯನ್ನು ಚುಚ್ಚಿ ಉರಿಯೂತವನ್ನು ಹೆಚ್ಚಿಸುತ್ತವೆಂದೂ ಅವುಗಳನ್ನು ಕರಗಿಸಬಲ್ಲ ಪ್ರತಿಕಾಯಗಳನ್ನು ತಯಾರಿಸಬಹುದೆಂದೂ ಇಲಿಗಳಲ್ಲಿ ತೋರಿಸಿದರು. ಅದಿನ್ನೂ ಔಷಧವಾಗಿ ನಮ್ಮ ಕೈಗೆ ಬಂದಿಲ್ಲ. ಆದರೆ ಗೂಡಿನಲ್ಲಿ ಆ ಅಂಟು ಸಿಂಬಳದ ಗಸಿ ಉಳಿದಿರುವವರೆಗೂ ರೋಗ ತಣಿಯದೆಂಬ ನಮ್ಮ ಅನುಭವಕ್ಕೆ ಅದರಿಂದ ಒಂದು ಕಾರಣ ಸಿಕ್ಕಂತಾಯಿತು. ನಿಮ್ಮ ವೈದ್ಯರು ಮೂರನೆಯ ಆಪರೇಷನ್ ಬೇಕೆನ್ನುವುದನ್ನು ನಾನು ಒಪ್ಪುವುದೂ ಇದಕ್ಕಾಗಿಯೇ. ಈ ಬಗೆಯ ಸೈನಸೈಟಿಸ್‌ನಲ್ಲಿ ಅಂಟುಗಸಿಯನ್ನು ಪ್ರತಿಯೊಂದು ಗೂಡಿನಿಂದಲೂ ತೊಳೆದು ತೆಗೆದು, ಬಾಗಿಲುಗಳನ್ನು ಅಗಲವಾಗಿ ಬಿಡುವುದು ಇಂದಿಗೂ ಮೊದಲ ಹೆಜ್ಜೆ.

ಹೊಸ ಇಂಜೆಕ್ಷನ್ ಎಂದು ನಿಮ್ಮ ವೈದ್ಯರು ಹೇಳಿದ್ದು ಬಹುಶಃ ಡುಪಿಲುಮ್ಯಾಬ್. ಇದು ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂದೇಶ ಜೀವಕೋಶಕ್ಕೆ ಮುಟ್ಟದಂತೆ ತಡೆಯುತ್ತದೆ. ಒಟ್ಟು 724 ರೋಗಿಗಳ ಮೇಲೆ ನಡೆದ ಎರಡು ಪರೀಕ್ಷೆಗಳ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ದುರ್ಮಾಂಸ ಕುಗ್ಗಿತು, ಮೂಗು ತೆರೆಯಿತು, ವರ್ಷಗಟ್ಟಲೆ ವಾಸನೆ ಕಳೆದುಕೊಂಡಿದ್ದ ಅನೇಕರಿಗೆ ವಾಸನೆ ಮರಳಿತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ದುರ್ಮಾಂಸದ ಚಿಕಿತ್ಸೆಗೆ ಅದನ್ನು ಅಂಗೀಕರಿಸಿತು. 2020ರಲ್ಲಿ ಐಜಿಇಯನ್ನು ಹಿಡಿಯುವ ಒಮಾಲಿಜುಮ್ಯಾಬ್, 2021ರಲ್ಲಿ ಇಂಟರ್‌ಲ್ಯೂಕಿನ್ 5 ಅನ್ನು ತಡೆಯುವ ಮೆಪೊಲಿಜುಮ್ಯಾಬ್ ಅದೇ ಅಂಗೀಕಾರ ಪಡೆದವು. ಪೊರೆಯ ಮೊದಲ ಎಚ್ಚರಿಕೆಯ ಕರೆಯನ್ನೇ ತಡೆಯುವ ಟೆಜೆಪೆಲುಮ್ಯಾಬ್ ಕೂಡ ಒಳ್ಳೆಯ ಫಲ ಕೊಟ್ಟಿರುವುದು 2025ರಲ್ಲಿ ವರದಿಯಾಯಿತು. ಇವು ನಿಜವಾದ ಪ್ರಗತಿ, ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಡುಪಿಲುಮ್ಯಾಬ್‌ನ ಒಂದು ಪರೀಕ್ಷೆಯಲ್ಲಿ 24 ವಾರಗಳ ಬಳಿಕ ಔಷಧವನ್ನು ನಿಲ್ಲಿಸಿದಾಗ ರೋಗ ಮತ್ತೆ ತಲೆಯೆತ್ತಿತು. ಎರಡು ವಾರಕ್ಕೊಂದು ಚುಚ್ಚುಮದ್ದು, ಅದೂ ಎಷ್ಟು ವರ್ಷ ಎಂದು ಗೊತ್ತಿಲ್ಲದೆ ಎಂದರೆ, ಒಂದು ಸಲದ ಬೆಲೆ ಕೇಳಿ ನಿರ್ಧರಿಸುವ ವಿಷಯವಲ್ಲ. ಹಾಗೆ ಎಲ್ಲರಿಗೂ ಕೊಡುವ ಔಷಧವೂ ಅಲ್ಲ. ಯುರೋಪಿನ ತಜ್ಞರ 2020ರ ಮಾರ್ಗಸೂಚಿಯಂತೆ, ಆಪರೇಷನ್ ಆಗಿಯೂ ಎರಡೂ ಬದಿಯಲ್ಲಿ ದುರ್ಮಾಂಸ ಮರಳಿದವರಲ್ಲಿ ಐದು ಅಂಶಗಳ ಪೈಕಿ ಮೂರಾದರೂ ಇರಬೇಕು: ರಕ್ತದಲ್ಲಿ ಅಥವಾ ಅಂಗಾಂಶದಲ್ಲಿ ಇಯೊಸಿನೊಫಿಲ್ ಇಲ್ಲವೆ ಐಜಿಇ ಏರಿರುವುದು, ವರ್ಷಕ್ಕೆ ಎರಡು ಸಲವಾದರೂ ಸ್ಟೀರಾಯ್ಡ್ ಗುಳಿಗೆ ಬೇಕಾಗುವುದು, ಬದುಕು ತೀರ ಬಾಧಿತವಾಗಿರುವುದು, ವಾಸನೆ ಹೋಗಿರುವುದು, ಜೊತೆಗೆ ದಮ್ಮು ಇರುವುದು. ನೀವು ಆ ಪಟ್ಟಿಗೆ ಸೇರುವಂತೆಯೇ ಕಾಣುತ್ತೀರಿ. ಆದರೂ ಗಸಿಯನ್ನು ತೆಗೆಸಿ, ಸ್ಪ್ರೇ ಮತ್ತು ತೊಳೆಯುವಿಕೆಯನ್ನು ಆರು ತಿಂಗಳು ತಪ್ಪದೆ ಮಾಡಿ, ಅದೂ ಸೋತರೆ ಇಂಜೆಕ್ಷನ್ನಿನ ಮಾತು ಎತ್ತುವುದು ಜಾಣತನವೆಂದು ನನ್ನ ಅಭಿಪ್ರಾಯ. ಏಕೆಂದರೆ ನೀವು ಸ್ಪ್ರೇಯನ್ನು ಬಿಟ್ಟಿದ್ದೀರಿ. ಸೋತದ್ದು ಔಷಧವೋ, ಔಷಧವಿಲ್ಲದ ಮೂಗೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಸ್ಟೀರಾಯ್ಡ್ ಎಂಬ ಹೆಸರಿನ ಭಯ ಅರ್ಥವಾಗುವಂಥದ್ದೇ. ಆದರೆ ಗುಳಿಗೆಗೂ ಸ್ಪ್ರೇಗೂ ಇರುವ ಅಂತರ ಬಹಳ. ಪ್ರೆಡ್ನಿಸೊಲೋನ್ ಗುಳಿಗೆ ಬಹುತೇಕ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಪದೇ ಪದೇ ತೆಗೆದುಕೊಂಡರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿನಲ್ಲಿ ಪೊರೆ ಬರುತ್ತದೆ. ಮೊಮೆಟಾಸೋನ್ ಅಥವಾ ಫ್ಲುಟಿಕಾಸೋನ್ ಸ್ಪ್ರೇಯಲ್ಲಿ ಮೊದಲೇ ಮೈಕ್ರೊಗ್ರಾಂಗಳ ಲೆಕ್ಕದ ಔಷಧವಿದ್ದು, ಅದರಲ್ಲಿ ನೂರಕ್ಕೆ ಒಂದು ಪಾಲೂ ರಕ್ತಕ್ಕೆ ಹೋಗುವುದಿಲ್ಲ. ಸ್ಪ್ರೇಗೆ ಹೆದರಿ ಬಿಟ್ಟವರೇ ಕಡೆಗೆ ಗುಳಿಗೆಗೆ ಬಂದು ನಿಲ್ಲುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಹಾಕಿಕೊಳ್ಳುವಾಗ ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ, ಕಣ್ಣಿನ ಹೊರಮೂಲೆಯ ಕಡೆಗೆ ಮುಖ ಮಾಡಿ ಒತ್ತಿ. ನಡುಗೋಡೆಗೆ ತಾಗಿದರೆ ರಕ್ತ ಜಿನುಗುತ್ತದೆ, ಜೋರಾಗಿ ಎಳೆದುಕೊಂಡರೆ ಔಷಧವೆಲ್ಲ ಗಂಟಲಿಗೆ ಹೋಗುತ್ತದೆ.

ಆಪರೇಷನ್ನಿನ ಅನಂತರ ಇದಕ್ಕಿಂತ ಪರಿಣಾಮಕಾರಿಯಾದದ್ದು, ಉಪ್ಪುನೀರಿನಲ್ಲಿಯೇ ಸ್ಟೀರಾಯ್ಡ್ ಬೆರೆಸಿ ತೊಳೆಯುವುದು. ತೆರೆದ ಗೂಡಿನೊಳಗೆ ಸ್ಪ್ರೇಯ ಹನಿ ತಲುಪುವುದಿಲ್ಲ, ಬಾಟಲಿಯ ನೀರು ತಲುಪುತ್ತದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಒಂದೇ ಔಷಧವನ್ನು ಸ್ಪ್ರೇಯಾಗಿ ಕೊಟ್ಟದ್ದಕ್ಕಿಂತ ನೀರಿನಲ್ಲಿ ಬೆರೆಸಿ ಕೊಟ್ಟಾಗ ಹೆಚ್ಚು ಗುಣ ಕಂಡಿತು. ನಿಮಗೆ ನೀರು ದಾಟುವ ದಾರಿಯನ್ನು ತೆರೆದುಕೊಡುವುದು ಮೂರನೆಯ ಆಪರೇಷನ್ನಿನ ಇನ್ನೊಂದು ಉದ್ದೇಶ. ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಉಪ್ಪುನೀರನ್ನು ಮನೆಯಲ್ಲಿಯೇ ತಯಾರಿಸಬಹುದು: ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಟೀ ಚಮಚ ಉಪ್ಪು, ಜೊತೆಗೆ ಒಂದು ಚಿಟಿಕೆ ಅಡುಗೆ ಸೋಡಾ. ನೀರನ್ನು ಮಾತ್ರ ಕಡ್ಡಾಯವಾಗಿ ಕುದಿಸಿ ಆರಿಸಿರಬೇಕು. ಜಲನೇತಿ ಮಾಡುವವರು ಹಸಿ ನೀರನ್ನು ಬಳಸುವುದನ್ನು ಕಂಡಿದ್ದೇನೆ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿಯ ನೀರಿನಿಂದ ಮೂಗು ತೊಳೆದ ಇಬ್ಬರು, ನೀಗ್ಲೇರಿಯ ಎಂಬ ಅಮೀಬ ಮೂಗಿನ ಮೂಲಕ ಮಿದುಳಿಗೆ ಸೇರಿ ಸತ್ತರು. ಅದೇ ನೀರನ್ನು ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ತೋಟದ ಹೊಂಡದ ನೀರು, ಕಾಲುವೆ ನೀರು, ಬೋರಿನ ನೀರು ಯಾವುದನ್ನೂ ಕುದಿಸದೆ ಮೂಗಿಗೆ ಹಾಕಬೇಡಿ. ಮೂಗು ಕಟ್ಟಿದಾಗಲೆಲ್ಲ ಅಂಗಡಿಯಿಂದ ತಂದು ಹಾಕಿಕೊಳ್ಳುವ ಕ್ಸೈಲೊಮೆಟಜೊಲಿನ್ ಹನಿಗಳು ನಿಮ್ಮಲ್ಲಿದ್ದರೆ, ವಾರಕ್ಕಿಂತ ಹೆಚ್ಚು ಬಳಸಿದಾಗ ಅವೇ ಮೂಗನ್ನು ಕಟ್ಟಿಸುತ್ತವೆಂಬುದನ್ನೂ ತಿಳಿದಿರಿ.

ಒಂದು ಪ್ರಶ್ನೆಗೆ ನೀವೇ ಉತ್ತರ ಹುಡುಕಬೇಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ ನುಂಗಿದ ಒಂದೆರಡು ತಾಸಿನಲ್ಲಿ ನಿಮಗೆ ಮೂಗು ಸುರಿದು ದಮ್ಮು ಏರಿದ್ದುಂಟೆ? ದುರ್ಮಾಂಸ, ದಮ್ಮು, ಈ ಗುಳಿಗೆಗಳ ಅಸಹನೆ ಮೂರೂ ಒಟ್ಟಿಗೆ ಬರುವುದನ್ನು ಫ್ರಾನ್ಸಿನ ವಿಡಾಲ್ 1922ರಲ್ಲಿ ಗುರುತಿಸಿದರು, ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ 1968ರಲ್ಲಿ ವಿವರವಾಗಿ ಬರೆದರು. ಅಂಥವರಲ್ಲಿ ದುರ್ಮಾಂಸ ಮರಳುವ ವೇಗ ಇನ್ನೂ ಹೆಚ್ಚು. ಆಪರೇಷನ್ ಆದ ದಿನ ಆಸ್ಪತ್ರೆಯಲ್ಲಿ ಕೊಡುವ ನೋವಿನ ಇಂಜೆಕ್ಷನ್ನೇ ಅಪಾಯ ತಂದೀತು. ಹೌದಾದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಶೆಡ್ಡಿನ ವಿಚಾರ. ದ್ರಾಕ್ಷಿ ಕೆಲಸ ಬಿಟ್ಟರೆ ದುರ್ಮಾಂಸ ಹೋಗುತ್ತದೆನ್ನಲು ಆಧಾರವಿಲ್ಲ. ಒಣದ್ರಾಕ್ಷಿಯ ಮೇಲೆ ಬೆಳೆಯುವುದು ಹೆಚ್ಚಾಗಿ ಕಪ್ಪು ಜಾತಿಯ ಆಸ್ಪರ್ಜಿಲ್ಲಸ್. ಫ್ಲೇವಸ್ ಅಂತೂ ಊರ ಗಾಳಿಯಲ್ಲೆಲ್ಲ ಇದೆ. ನನಗೆ ಕಾಳಜಿ ಇರುವುದು ಬೇರೆ ಸಂಗತಿಯ ಬಗ್ಗೆ: ಬಣ್ಣ ಬರಲೆಂದು ಕೊಡುವ ಗಂಧಕದ ಹೊಗೆ. ಗಂಧಕ ಉರಿದಾಗ ಏಳುವ ಸಲ್ಫರ್ ಡೈಆಕ್ಸೈಡ್ ಮೂಗಿನ ಪೊರೆಯನ್ನು ಕೆರಳಿಸುತ್ತದೆ. ದಮ್ಮು ಇದ್ದವರಿಗೆ ಇತರರು ಗಮನಿಸದಷ್ಟು ಕಡಿಮೆ ಪ್ರಮಾಣವೂ ಉಸಿರು ಬಿಗಿಹಿಡಿಸುತ್ತದೆ. ಬಾಯಿಗೆ ಕಟ್ಟುವ ಟವೆಲ್ಲಾಗಲಿ, ಬಟ್ಟೆಯ ಮಾಸ್ಕಾಗಲಿ ಅನಿಲವನ್ನು ತಡೆಯುವುದಿಲ್ಲ. ಆಮ್ಲ ಅನಿಲಗಳಿಗೆಂದೇ ಮಾಡಿದ ಕ್ಯಾರ್ಟ್ರಿಜ್ ಮಾಸ್ಕ್ ಬೇಕು. ಅದಕ್ಕಿಂತ ಆ ಒಂದು ಕೆಲಸವನ್ನು ದಮ್ಮಿಲ್ಲದ ಬೇರೊಬ್ಬರಿಗೆ, ಅವರಿಗೂ ಮಾಸ್ಕ್ ಕೊಟ್ಟು, ಒಪ್ಪಿಸುವುದು ಲೇಸು. ನಿಮ್ಮದೇ ಶೆಡ್ಡಿನ ಬಂಗಾರದ ಬಣ್ಣದ ದ್ರಾಕ್ಷಿ ತಿಂದ ಮೇಲೆ ಎದೆ ಬಿಗಿದರೆ ಅದರಲ್ಲಿ ಉಳಿದ ಸಲ್ಫೈಟ್ ಕಾರಣವಿರಬಹುದು. ಬದುಗಳಲ್ಲಿ ಬೆಳೆದ ಕಾಂಗ್ರೆಸ್ ಕಸದ ಪರಾಗವೂ ಅಲರ್ಜಿಕಾರಕವೇ, ಹೂ ಬಿಡುವ ಮೊದಲು ಕೀಳಿಸಿ.

ವಾಸನೆ ಮರಳುವವರೆಗೆ ಅಡುಗೆ ಅನಿಲ ಸೋರಿದರೆ ನಿಮಗೆ ತಿಳಿಯುವುದಿಲ್ಲ, ಆದ್ದರಿಂದ ಮಲಗುವ ಮೊದಲು ಸಿಲಿಂಡರಿನ ರೆಗ್ಯುಲೇಟರನ್ನು ಮನೆಯವರು ನೋಡಲಿ. ಗುಲಾಬಿ, ನೀಲಗಿರಿ, ಲಿಂಬೆ, ಲವಂಗಗಳನ್ನು ದಿನಕ್ಕೆರಡು ಸಲ ಮೂಸುವ ವ್ಯಾಯಾಮವನ್ನು ಜರ್ಮನಿಯ ಡ್ರೆಸ್ಡೆನ್‌ನ ತಜ್ಞರು 2009ರಲ್ಲಿ ಪ್ರಕಟಿಸಿದ್ದು, ಅದು ವೈರಸ್ ಸೋಂಕಿನ ಬಳಿಕ ವಾಸನೆ ಹೋದವರಿಗೆ ಉಪಯುಕ್ತ. ನಿಮ್ಮಲ್ಲಿ ದಾರಿಯೇ ಮುಚ್ಚಿರುವುದರಿಂದ ಆಪರೇಷನ್ನಿಗೆ ಮೊದಲು ಅದರಿಂದ ಫಲವಿಲ್ಲ. ಕಣ್ಣು ಊದಿಕೊಂಡರೆ, ಒಂದು ವಸ್ತು ಎರಡಾಗಿ ಕಂಡರೆ, ದೃಷ್ಟಿ ಮಂಜಾದರೆ, ಜ್ವರದೊಂದಿಗೆ ತಲೆ ಸಿಡಿದರೆ ಅಥವಾ ಒಂದೇ ಹೊಳ್ಳೆಯಿಂದ ರಕ್ತ ಬರತೊಡಗಿದರೆ ಮಾತ್ರ ಯಾವುದಕ್ಕೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಅಂಥ ತುರ್ತು ಇಲ್ಲದಿದ್ದರೆ ಆಪರೇಷನ್ನಿನ ಕಾಲವನ್ನು ನಿಮ್ಮ ತೋಟದ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು. ಶೆಡ್ಡಿನ ಕೆಲಸವೂ ಬಳ್ಳಿ ಸವರುವ ಏಪ್ರಿಲ್ ಚಾಟ್ನಿಯೂ ಮುಗಿದು ಮಳೆ ಶುರುವಾಗುವ ಜೂನ್ ನನಗೆ ಸರಿಯೆನಿಸುತ್ತದೆ. ಅದಕ್ಕೆ ಒಂದು ತಿಂಗಳ ಮೊದಲೇ ಸಿಟಿ ಸ್ಕ್ಯಾನ್, ರಕ್ತದ ಇಯೊಸಿನೊಫಿಲ್, ಐಜಿಇ ಮತ್ತು ಸಕ್ಕರೆಯ ಪರೀಕ್ಷೆಗಳನ್ನು ಮಾಡಿಸಿ, ದಮ್ಮಿನ ಪಂಪನ್ನು ತಪ್ಪದೆ ಬಳಸಿ ಹತೋಟಿಗೆ ತನ್ನಿ. ಆಪರೇಷನ್ ಆದ ಮೊದಲ ಆರರಿಂದ ಎಂಟು ವಾರಗಳಲ್ಲಿ ಮೂಗಿನೊಳಗೆ ಕಟ್ಟಿದ ಹಕ್ಕಳೆ ತೆಗೆಸಲು ಮೂರು ನಾಲ್ಕು ಸಲ ವೈದ್ಯರ ಬಳಿ ಹೋಗಬೇಕಾಗುತ್ತದೆ. ಈ ಭೇಟಿಗಳನ್ನು ತಪ್ಪಿಸಿದ್ದರಿಂದಲೇ ಒಳ್ಳೆಯ ಆಪರೇಷನ್ ಕೆಟ್ಟದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಜೂನಿನಲ್ಲಾದರೆ ಅಕ್ಟೋಬರ್ ಚಾಟ್ನಿಗೂ ಅದರ ಬೆನ್ನಿಗೆ ಬರುವ ಔಷಧ ಸಿಂಪಡಣೆಗೂ ಮುಂಚೆ ಪೊರೆ ಮಾಗಿರುತ್ತದೆ.